ಸರಾಸರಿಗೆ ಒಪ್ಪದ ಬಾಯಾರು

ಬಾಯಾರ ಬಲಗೈಯ ಮೂರು ಬೆರಳುಗಳ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಮಸಿಯ ಕಪ್ಪಲ್ಲ, ಸುಟ್ಟ ಬದನೆಕಾಯಿಯ ಸಿಪ್ಪೆಯಂಥ ಕಪ್ಪು. ನೀರಿನಲ್ಲಿ ಉಪ್ಪಿನಂಶ ನೋಡಲು ಬಳಸುವ ಬೆಳ್ಳಿಯ ದ್ರಾವಣ ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಹಾಗಾಗುತ್ತದೆ. ಸೋಪಿಗೆ ಜಗ್ಗುವುದಿಲ್ಲ. ಗ್ಲೌಸು ಹಾಕಿಕೊಳ್ಳಬಾರದೇ ಎಂದು ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಕೇಳಿದ್ದೆ. ಗ್ಲೌಸು ಬೇಕೆಂದು ಬರೆದುಕೊಟ್ಟ ಕಾಗದ ಮೇಲೆ ಹೋಗಿದೆ, ಇನ್ನೂ ಕೆಳಗೆ ಬಂದಿಲ್ಲ ಎಂದರು. ನಗುತ್ತ ಹೇಳಿದ ಮಾತಾಗಿರಲಿಲ್ಲ ಅದು.

ಬೆಳಗಾವಿಯ ಒಂದು ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಅವರು ಹಿರಿಯ ವಿಜ್ಞಾನಿ, ನಾನು ಅವರ ಕೈಕೆಳಗಿನವಳು. ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಲಪ್ರಭೆ ಬಯಲಿಗೆ ಇಳಿಯುವವರೆಗೆ ಹೇಗಿದ್ದಾಳೆ, ಅವಳನ್ನು ಕೂಡುವ ಹಳ್ಳಗಳು ಹೇಗಿವೆ ಎಂದು ತಿಂಗಳು ತಿಂಗಳು ನೋಡಿ ಬರೆಯುವುದು ನಮ್ಮ ಕೆಲಸ. ಆಫೀಸಿನಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಹೊಳೆದಂಡೆಯ ಊರುಗಳಲ್ಲಿ ಮಾತ್ರ, ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವ ಆ ಕಡೆಯ ರೂಢಿಯಂತೆ, ಅವರು ನೀರಿನ ಬಾಯಾರು. ನನಗೂ ಆ ಹೆಸರೇ ನಾಲಗೆಗೆ ಹತ್ತಿತು.

ಮಹಾಂತೇಶ ನಗರದಲ್ಲಿ ಅಣ್ಣನ ಸಂಸಾರದ ಜೊತೆ ಇದ್ದರು. ಜೈನರ ಮನೆ. ಕುಡಿಯುವ ನೀರನ್ನು ಮಡಿಚಿದ ಬಟ್ಟೆಯಲ್ಲಿ ಸೋಸದೆ ಕುಡಿಯುತ್ತಿರಲಿಲ್ಲ, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುತ್ತಿರಲಿಲ್ಲ. ಹಾಗಾಗಿ ನಮ್ಮ ತಿರುಗಾಟವೆಲ್ಲ ಮುಂಜಾನೆಯೇ ಶುರುವಾಗುತ್ತಿತ್ತು. ಖಾನಾಪುರ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಡಬ್ಬಿ ಬಿಚ್ಚಿ, ಚಪಾತಿಗೆ ಬೆಳ್ಳುಳ್ಳಿಯಿಲ್ಲದ ಶೇಂಗಾ ಚಟ್ನಿ ಹಚ್ಚಿ ಮೊದಲು ನನ್ನ ಕೈಗಿಡುತ್ತಿದ್ದರು. ಒಮ್ಮೆ ನಾನು ಅವರ ಸೋಸುವ ಬಟ್ಟೆಯನ್ನು ನೋಡುತ್ತಿದ್ದಾಗ ಹೇಳಿದರು: "ಸೋಸೂದು ನಮ್ಮವ್ವ ಕಲಿಸಿದ್ದು. ಸೋಸಿದ ಮ್ಯಾಲೂ ನೀರಾಗ ಏನ ಉಳಿತದ ಅಂತ ನೋಡೂದು ನಾ ಕಲ್ತದ್ದು."

ಅವರದು ಮುಂಗೋಪ. ನೋಂದಣಿ ಪುಸ್ತಕದಲ್ಲಿ ಯಾರಾದರೂ ಅಂಕಿ ತಿದ್ದಿ ಬರೆದರೆ ಸಹಿಸುತ್ತಿರಲಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು, ಬಾಜುಕ್ಕೆ ಸರಿಯಾದದ್ದನ್ನು ಬರೆದು, ಯಾಕೆ ತಪ್ಪಾಯಿತೆಂದೂ ಬರೆಯಬೇಕು. ಹೊಸಬಳಾದ ನಾನು ಒಮ್ಮೆ ರಬ್ಬರು ಹಚ್ಚಿದ್ದಕ್ಕೆ ಇಡೀ ಪುಟವನ್ನು ಮತ್ತೆ ಬರೆಸಿದರು. ಸಂಜೆ ಅಳುಮುಖ ಮಾಡಿಕೊಂಡು ಹೊರಟವಳನ್ನು ಕರೆದು, "ನೀರು ನಿಂತು ಸಾಕ್ಷಿ ಹೇಳಂಗಿಲ್ಲವ್ವ. ಅದು ಹರದು ಹೋಗ್ತದ. ಹೇಳೋರು ನಾವ" ಎಂದರು.

ಹೊಳೆಯಲ್ಲಿ ಅವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಮೊಣಕಾಲುದ್ದದ ನೀರಿಗಿಳಿದು ಕಲ್ಲು ಮಗುಚುವುದು. ಒಳ್ಳೆಯ ನೀರಿನ ಕಲ್ಲಿನಡಿ ಮೂರು ಬಾಲದ, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದನೆಯ ಹುಳು ಅಂಟಿಕೊಂಡಿರುತ್ತವೆ. ನೀರು ಕೆಟ್ಟರೆ ಅವು ಮೊದಲು ಹೋಗುತ್ತವೆ. ಕಡೆಗೆ ಉಳಿಯುವುದು ಕೆಸರಿನ ಕೆಂಪು ಹುಳು. ಬಾಟಲಿಯಲ್ಲಿ ತಂದ ನೀರು ತುಂಬಿದ ಗಳಿಗೆಯದನ್ನಷ್ಟೇ ಹೇಳುತ್ತದೆ, ಕಲ್ಲಿನಡಿಯ ಹುಳು ತಿಂಗಳುಗಳ ಕಥೆ ಹೇಳುತ್ತದೆ ಎಂದು ಅವರ ವಾದ. ಖಾನಾಪುರದಾಚೆ ಒಂದು ಊರಿನ ಹತ್ತಿರ ಹೊಳೆಗೆ ಹಳ್ಳವೊಂದು ಕೂಡುತ್ತದೆ. ಕೂಡುವ ಜಾಗದ ಮೇಲ್ಗಡೆ ಯಾವ ಕಲ್ಲು ಎತ್ತಿದರೂ ಮೂರು ಬಾಲದವು ಓಡಾಡುತ್ತಿದ್ದವು. ಕೆಳಗಡೆ ಒಂದೂ ಇರಲಿಲ್ಲ. ನಮ್ಮ ಬಾಟಲಿಯ ನೀರು ಮಾತ್ರ ಎರಡೂ ಕಡೆ ಚೊಲೊ ಎಂದೇ ಹೇಳುತ್ತಿತ್ತು. ಬಾಯಾರ ತಲೆಯೊಳಗೆ ಇದು ಹೊಕ್ಕು ಕೂತಿತು.

ಬಿಡಿಸಿ ಹೇಳಿದವನು ಎಮ್ಮೆ ಕಾಯುವ ಗೌಳಿ ಅಜ್ಜ. ಅವನ ಮಾತಿನಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಬಾಯಾರೂ ಅವನ ಜೊತೆ ಹಾಗೇ ಮಾತಾಡುತ್ತಿದ್ದರು. ನಮ್ಮ ಜೀಪು ಯಾವಾಗಲೂ ಮಂಗಳವಾರ ಬರುವುದನ್ನು ಅವನು ಗಮನಿಸಿದ್ದ.

"ಮಂಗಳವಾರ ಬಂದ್ರ ಏನ ಸಿಗ್ತೈತ್ರಿ ಬಾಯಾರ? ರವಿವಾರ ಮುಂಜಾನಿ ಬರ್ರಿ. ಅವತ್ತ ನಮ್ಮ ಎಮ್ಮಿ ಈ ನೀರಿಗಿ ಮೂತಿ ಹಚ್ಚಂಗಿಲ್ಲ."

ರವಿವಾರ ಆಫೀಸಿಗೆ ರಜೆ, ಜೀಪು ಸಿಗುವುದಿಲ್ಲ. ಬಾಯಾರು ಪರೀಕ್ಷೆಯ ಸಾಮಾನನ್ನು ಕೈಚೀಲದಲ್ಲಿ ತುಂಬಿಕೊಂಡು ಮೊದಲ ಬಸ್ಸು ಹಿಡಿದರು. ನಾನೂ ಹೋದೆ. ದಂಡೆಗಿಳಿಯುವ ಮೊದಲೇ ಹುಳಿಬಿದ್ದ ಗಂಜಿಯಂಥ ವಾಸನೆ. ಹಳ್ಳದ ಬಾಯಿಯಲ್ಲಿ ಬೂದು ನೊರೆ. ಎಮ್ಮೆಗಳು ಕೆಳಗೆ ಇಳಿಯದೆ ದಂಡೆಯ ಮೇಲೇ ನಿಂತಿದ್ದವು. ಬಾಯಾರು ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಎರಡು ದ್ರಾವಣ ಬಿಟ್ಟು ಮುಚ್ಚಳ ಹಾಕಿ ಅಲುಗಿಸಿದರು. ನೀರಿನಲ್ಲಿ ಉಸಿರಾಡುವ ಗಾಳಿ ಇದ್ದರೆ ಒಳಗೆ ಕಂದುಬಣ್ಣದ ಗಷ್ಟು ಇಳಿಯುತ್ತದೆ, ಇಲ್ಲದಿದ್ದರೆ ಬಿಳಿಯದು. ಹಳ್ಳ ಕೂಡುವ ಜಾಗದ ಮೇಲ್ಗಡೆಯ ಹೊಳೆನೀರನ್ನೂ ಹಾಗೇ ಮಾಡಿ ಎರಡು ಬಾಟಲಿಗಳನ್ನು ಒಂದೇ ಕಲ್ಲಿನ ಮೇಲಿಟ್ಟರು. ಒಂದು ಕಂದು, ಒಂದು ಹಾಲಿನಂತೆ ಬಿಳಿ. ಅಜ್ಜ ಕುಕ್ಕರಗಾಲಿನಲ್ಲಿ ಕೂತು ನೋಡಿದ. ಬಿಳಿ ಇರುವುದು ಕೆಟ್ಟದ್ದೆಂದು ತಿಳಿಸಿದಾಗ ಆಶ್ಚರ್ಯಪಡಲಿಲ್ಲ. ಎಮ್ಮೆಗಳಿಗೆ ಮೊದಲೇ ಗೊತ್ತಿತ್ತಲ್ಲ ಎಂದಷ್ಟೇ ಅಂದ.

ಹಳ್ಳದ ಮೇಲ್ಭಾಗದಲ್ಲಿ ರಟ್ಟು ಮಾಡುವ ಕಾರ್ಖಾನೆಯೊಂದು ಇತ್ತು. ವಾರದ ಕೊಳೆನೀರನ್ನು ಹಿಡಿದಿಟ್ಟು, ನೋಡುವವರು ಇಲ್ಲದ ದಿನ ಬಿಡುತ್ತಿದ್ದರು. ಬಾಯಾರು ಆರು ರವಿವಾರ ಹೋಗಿ, ಫೋಟೋ ತೆಗೆದು, ವರದಿ ಬರೆದರು. ಗೌಳಿ ಅಜ್ಜ ಹೇಳಿದ್ದನ್ನೂ ಅದರಲ್ಲಿ ಸೇರಿಸಿದರು. ವರದಿ ವಾಪಸು ಬಂತು. ರಜೆಯ ದಿನ ತೆಗೆದ ನಮೂನೆ ಅಧಿಕೃತವಲ್ಲ, ಎಮ್ಮೆಗಳ ವರ್ತನೆ ವೈಜ್ಞಾನಿಕ ಆಧಾರವಲ್ಲ ಎಂದು ಅಂಚಿನಲ್ಲಿ ಬರೆದಿದ್ದರು. ಹಾಗಾದರೆ ರವಿವಾರವೇ ಅಧಿಕೃತವಾಗಿ ತೆಗೆಯೋಣ ಎಂದು ಬಾಯಾರು ಅನುಮತಿ ಕೇಳಿದರು. ನಾಲ್ಕು ತಿಂಗಳ ಮೇಲೆ ಒಂದು ರವಿವಾರಕ್ಕೆ ಅನುಮತಿ ಬಂತು. ಆದರೆ ಅದರ ಒಂದು ಪ್ರತಿ, ನಿಯಮದ ಪ್ರಕಾರ, ಕಾರ್ಖಾನೆಗೂ ಹೋಗಿತ್ತು. ಆ ರವಿವಾರ ಹಳ್ಳದ ನೀರು ಕನ್ನಡಿಯ ಹಾಗಿತ್ತು. ಬಾಯಾರು ಬಾಟಲಿ ತುಂಬಲಿಲ್ಲ. ಕಡೆಗೆ ನಾನೇ ತುಂಬಿದೆ.

ವರ್ಷದ ಕೊನೆಗೆ ನಮ್ಮ ಮೇಲಧಿಕಾರಿಗಳು ಎಲ್ಲ ಮಂಗಳವಾರಗಳನ್ನೂ ಆ ಒಂದು ಸ್ವಚ್ಛ ರವಿವಾರವನ್ನೂ ಕೂಡಿಸಿ ಭಾಗಿಸಿ, ಹೊಳೆಯ ಸ್ಥಿತಿ ಸರಾಸರಿ ತೃಪ್ತಿಕರ ಎಂಬ ವರದಿ ಸಿದ್ಧಪಡಿಸಿದರು. ಬಾಯಾರ ಸಹಿ ಬೇಕಾಗಿತ್ತು. ಅವರು ಕಾಗದವನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು.

"ಎಮ್ಮಿ ಸರಾಸರಿ ನೀರು ಕುಡಿಯಂಗಿಲ್ರಿ ಸರ. ಅವತ್ತ ಹೊಳ್ಯಾಗ ಏನದ, ಅದನ್ನ ಕುಡಿತದ. ನಾ ಸಹಿ ಮಾಡಂಗಿಲ್ಲ."

ಅಧಿಕಾರಿ ಸಿಟ್ಟಾಗಲಿಲ್ಲ. ಬಾಯಾರಿಗೆ ದಣಿವಾಗಿದೆ, ಕೆಲವು ದಿನ ಹೊರಗಿನ ಕೆಲಸ ಬೇಡ ಎಂದರು. ಮರುದಿನದಿಂದ ಅವರನ್ನು ಗಾಜಿನ ಸಾಮಾನಿನ ಕೋಣೆಗೆ ಹಾಕಿದರು. ಅರ್ಧ ಆಯುಷ್ಯ ಹೊಳೆಯಲ್ಲಿ ನಿಂತವರು ಒಡೆದ ಬೀಕರುಗಳ ಪಟ್ಟಿ ಮಾಡುತ್ತ ಕೂತರು. ಆ ವರದಿಗೆ ಸಹಿ ಮಾಡಬೇಕಾದ ಎರಡನೆಯ ಹೆಸರು ನನ್ನದು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಕಾಯಂ ಮಾಡುವ ಕಾಗದ ಅದೇ ಅಧಿಕಾರಿಯ ಮೇಜಿನ ಮೇಲಿತ್ತು. ಈ ಕಾರಣವನ್ನು ನಾನು ನನಗೇ ಎಷ್ಟು ಸಲ ಹೇಳಿಕೊಂಡಿದ್ದೇನೋ! ಸಹಿ ಮಾಡಿದೆ.

ನಾಲ್ಕು ದಿನ ಬಾಯಾರ ಕೋಣೆಯ ಕಡೆ ಹಾಯಲಿಲ್ಲ. ಶನಿವಾರ ಅವರೇ ನನ್ನ ಟೇಬಲ್ಲಿಗೆ ಬಂದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಕೇಳಿದ್ದು ಇಷ್ಟೇ: "ನಾಳೆ ಮೊದಲನೇ ಬಸ್ಸಿಗಿ ಬರ್ತೀ ಇಲ್ಲೋ?"

ಹೋದೆ. ಅವರು ನಿವೃತ್ತರಾಗುವವರೆಗೂ, ಆದಮೇಲೂ, ಕೈಲಾದ ರವಿವಾರಗಳಲ್ಲೆಲ್ಲ ಹೋದೆವು. ವಾಸನೆ ಅಷ್ಟಾಗಿ ಇಲ್ಲದ ದಿನ ಎಮ್ಮೆಗಳಿಗೂ ತಿಳಿಯುತ್ತಿರಲಿಲ್ಲ, ಹಾಗಾಗಿ ಗೌಳಿ ಅಜ್ಜ ಬಾಯಾರನ್ನು ಕೇಳಿಯೇ ಅವಕ್ಕೆ ನೀರು ಕುಡಿಸುತ್ತಿದ್ದ. ಬಾಯಾರು ಸ್ವಂತ ನೋಟುಬುಕ್ಕಿನಲ್ಲಿ ದಿನ, ಹೊತ್ತು, ಬಣ್ಣ, ವಾಸನೆ, ಕಲ್ಲಿನಡಿಯ ಹುಳು ಎಲ್ಲವನ್ನೂ ಬರೆದಿಡುತ್ತಿದ್ದರು. ಯಾರಿಗೆ ಎಂದು ನಾನು ಬೇಸತ್ತು ಕೇಳಿದ್ದುಂಟು. ಅವರು ಕಚೇರಿಗಳಿಗೆ ಬರೆಯುವ ಪತ್ರಗಳಿಗೆ ಸ್ವೀಕೃತಿ ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಒಂದು ಕಚೇರಿ ಇನ್ನೊಂದರ ಕಡೆ ಕೈ ತೋರಿಸುತ್ತಿತ್ತು, ಅದು ಮತ್ತೊಂದರ ಕಡೆ. ಖಾನಾಪುರದಲ್ಲಿ ಒಬ್ಬ ಗುಮಾಸ್ತ, "ಬಾಯಾರ, ನಿಮಗೇನು ಮನೀ ಕೆಲಸ ಇಲ್ಲೇನು" ಅಂದಾಗ ಬಾಯಾರು ಮೇಜಿನ ಮೇಲಿದ್ದ ಕಾಗದಗಳನ್ನೆಲ್ಲ ಎತ್ತಿಕೊಂಡು ಹೊರಬಿದ್ದರು. ಅದರಲ್ಲಿ ಗುಮಾಸ್ತನ ಕಾಗದಗಳೂ ಇದ್ದವು. ಬಸ್ಸಿನಲ್ಲಿ ಗೊತ್ತಾಗಿ ಮರುದಿನ ಮತ್ತೆ ಹೋಗಿ ಕೊಟ್ಟು ಬಂದರು.

ಅವರು ನಿಜವಾಗಿ ಕುಸಿದದ್ದು ಯಂತ್ರ ಬಂದ ದಿನ. ಹಗಲಿರುಳು ತಾನೇ ನೀರು ಪರೀಕ್ಷಿಸಿ ಪರದೆಯ ಮೇಲೆ ಅಂಕಿ ತೋರಿಸುವ ಯಂತ್ರವನ್ನು ಹೊಳೆಗೆ ಕೂರಿಸುತ್ತಾರೆಂಬ ಸುದ್ದಿ ಬಂದಾಗ, ಕಡೆಗೂ ರವಿವಾರಕ್ಕೊಂದು ಕಣ್ಣು ಬಂತು ಎಂದು ಹಿಗ್ಗಿದ್ದರು. ಉದ್ಘಾಟನೆಗೆ ಇಸ್ತ್ರಿ ಮಾಡಿದ ಇಳಕಲ್ ಸೀರೆಯುಟ್ಟು ಬಂದರು. ನೋಡಿದರೆ ಯಂತ್ರವನ್ನು ಹಳ್ಳ ಕೂಡುವ ಜಾಗದ ಮೇಲ್ಗಡೆ ಕೂರಿಸಿದ್ದರು. ಅಲ್ಲಿಗೆ ಕೊಳೆನೀರು ಬರುವುದೇ ಇಲ್ಲ. ಬಾಯಾರು ಗುತ್ತಿಗೆಯ ಎಂಜಿನಿಯರನ ಬಳಿ ಹೋಗಿ ಎರಡು ಫರ್ಲಾಂಗು ಕೆಳಗೆ ಇಡಬೇಕಾಗಿತ್ತಲ್ಲ ಎಂದರು. ಅವನು ಸೌಜನ್ಯದಿಂದಲೇ ಉತ್ತರಿಸಿದ. ಕೆಳಗೆ ಕರೆಂಟಿನ ಕಂಬ ಇಲ್ಲ, ಗಾಡಿ ಹೋಗುವ ದಾರಿಯಿಲ್ಲ, ನಕ್ಷೆಯಲ್ಲಿ ಮಲಪ್ರಭಾ ನದಿ ಎಂದಷ್ಟೇ ಇದೆ, ಇದೂ ಮಲಪ್ರಭೆಯೇ ಅಲ್ಲವೇ. ಪರದೆ ಹಸಿರು ಅಕ್ಷರದಲ್ಲಿ ಉತ್ತಮ ಎಂದು ತೋರಿಸಿತು. ಜನ ಚಪ್ಪಾಳೆ ತಟ್ಟಿದರು.

ಬೆಳಗಾವಿಯಲ್ಲಿ ಬಸ್ಸಿನಿಂದ ಇಳಿಯುವಾಗ ಬಾಯಾರು, "ಸುಳ್ಳು ಹೇಳಿದ್ರ ಜಗಳ ಮಾಡಬಹುದಿತ್ತು. ಇದು ಖರೇನ ಹೇಳಾಕತ್ತೇತಿ, ತಪ್ಪ ಜಾಗಾದಾಗ ನಿಂತು" ಎಂದರು.

ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಅವರ ಹೃದಯ ಸೋತಿತ್ತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ, ವರ್ಷಗಳಿಂದ ಗಂಟಲಲ್ಲಿದ್ದ ಮಾತನ್ನು ಹೇಳಿದೆ. ಆ ಸಹಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ನಿಮ್ಮ ಸಲುವಾಗಿ ಅಷ್ಟಾದರೂ ಮಾಡುತ್ತೇನೆ ಎಂದೆ. ಅವರಿಗೆ ಅದು ಹಿಡಿಸಲಿಲ್ಲ. ಉಸಿರು ಕೂಡಿಸಿಕೊಂಡು, "ನನ್ನ ಸಲುವಾಗಿ ಏನೂ ಬರೀಬ್ಯಾಡ. ಬಿಳಿ ಕಂಡಿದ್ರ ಬಿಳಿ ಅಂತ ಬರಿ, ಅಷ್ಟ" ಎಂದರು. ಎಂಟು ದಿನಕ್ಕೆ ಅಣ್ಣನ ಮಗಳು ಫೋನು ಮಾಡಿದಳು. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮುಂದಿನ ರವಿವಾರ ಒಬ್ಬಳೇ ಹೊಳೆಗೆ ಹೋದೆ. ಗೌಳಿ ಅಜ್ಜ ನನ್ನ ಹಿಂದಿನ ದಾರಿಯನ್ನು ನೋಡುತ್ತ, ಬಾಯಾರು ನಡೆದು ಬರುತ್ತಿದ್ದಾರಾ ಎಂದು ಕೇಳಿದ. ಹೇಳಬೇಕಾಯಿತು. ಅವನು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ. ಆಮೇಲೆ ಎದ್ದು, ಇಷ್ಟು ವರ್ಷ ಬಾಯಾರನ್ನು ಕೇಳುತ್ತಿದ್ದ ದನಿಯಲ್ಲೇ ನನ್ನನ್ನು ಕೇಳಿದ: "ಇವತ್ತ ಕುಡಸೂದೋ, ಬ್ಯಾಡೋ?"

ಆಫೀಸಿನ ಕಾಗದದ ಪ್ರಕಾರ, ನನ್ನ ಸಹಿಯ ಪ್ರಕಾರ, ಕುಡಿಸಬಹುದಾಗಿತ್ತು. ಬಾಟಲಿ ತುಂಬಿ ದ್ರಾವಣ ಬಿಟ್ಟೆ. ಬಿಳಿ. ಬೇಡವೆಂದೆ. ಅವನು ಎಮ್ಮೆಗಳನ್ನು ತಿರುಗಿಸಿ ಗುಡ್ಡದ ಒರತೆಯ ದಾರಿ ಹಿಡಿದ. ಎಂಬತ್ತರ ಹತ್ತಿರದ ಕಾಲುಗಳಿಗೆ ಅದು ದೊಡ್ಡ ಏರು.

ಸೋಮವಾರ ನಾನು ಕಂಡದ್ದನ್ನೆಲ್ಲ ಬರೆದೆ. ಆರು ರವಿವಾರಗಳು, ಕಾರ್ಖಾನೆಗೆ ಹೋದ ಪ್ರತಿ, ಯಂತ್ರ ನಿಂತ ಜಾಗ, ನಾನು ಮಾಡಿದ ಸಹಿ ತಪ್ಪೆಂಬುದು. ಬಾಯಾರ ನೋಟುಬುಕ್ಕುಗಳ ನಕಲನ್ನೂ ಲಗತ್ತಿಸಿ ಮೇಲಿನ ಕಚೇರಿಗೆ ಕಳಿಸಿದೆ. ಹಳ್ಳಕ್ಕೆ ಕೊಳೆನೀರು ಬರುವುದು ಇನ್ನೂ ನಿಂತಿಲ್ಲ. ಯಂತ್ರವೂ ನಿಂತಲ್ಲೇ ನಿಂತಿದೆ. ಇಲ್ಲಿಯವರೆಗೆ ನನಗೆ ಬಂದಿರುವುದು ಒಂದೇ ಕಾಗದ: ರಜೆಯ ದಿನಗಳಲ್ಲಿ ಅನುಮತಿಯಿಲ್ಲದೆ ನೀವು ಅಲ್ಲಿಗೆ ಏಕೆ ಹೋಗುತ್ತಿದ್ದಿರಿ ಎಂದು ಕಾರಣ ಕೇಳುವ ನೋಟಿಸು.

ಬಾಯಾರ ಕೈಕೆಳಗೆ ಕಲಿಯದೇ ಇದ್ದಿದ್ದರೆ ನಾನು ಅದಕ್ಕೆ ಎರಡು ಪುಟದ ಕ್ಷಮಾಪಣೆ ಬರೆಯುತ್ತಿದ್ದೆ. ನೀರು ನೋಡಲು ಹೋಗಿದ್ದೆ, ಎಂದು ಬರೆದು ಕಳಿಸಿದೆ.