ಆಯುಧಪೂಜೆಯ ಮರುದಿನ ತೆರೆಯದ ಫಲಿತಾಂಶ

ಮಳಖೇಡದ ಪ್ರಮಿತಾ ಕುಲಕರ್ಣಿಯವರು ಸೇಡಂನ ಖಾಸಗಿ ಕಂಪ್ಯೂಟರ್ ತರಬೇತಿ ಕೇಂದ್ರವೊಂದರ ಬೋಧಕಿ. ಚಿತ್ತಾಪುರ, ವಾಡಿ, ಚಿಂಚೋಳಿಗಳ ವಿದ್ಯಾರ್ಥಿಗಳು ಫಲಿತಾಂಶಕ್ಕಾಗಿ ಬಸ್ ಹತ್ತಿ ಬರುವುದು ತಪ್ಪಲೆಂದು, ಅದನ್ನು ಅಂತರಜಾಲದಲ್ಲಿ ತೋರಿಸುವ ವ್ಯವಸ್ಥೆಯನ್ನು ಅವರೊಬ್ಬರೇ ಕಟ್ಟಿದರು. ಅವರ ಜಾಣತನವನ್ನು ಹೊಗಳುವವರು ೨೦೦೬ರ ವಿಜಯದಶಮಿಯಂದು ನಡೆದುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಅದು ಸರಿಯಲ್ಲ. ಅಂದು ನಾನು ಪಾಲಕರ ಸಭೆಯ ಮೊದಲ ಸಾಲಿನಲ್ಲಿದ್ದೆ.

ಮುಂದಿನ ಕೋಣೆಯ ಸರ್ವರ್ ಹೊರಗಿನವರಿಗೆ ಪುಟ ತೋರಿಸುತ್ತಿತ್ತು. ಅಂಕಗಳೆಲ್ಲ ಹಿಂದಿನ ಕೋಣೆಯ ಯಂತ್ರದ ಡೇಟಾಬೇಸಿನಲ್ಲಿದ್ದವು. ಯಾರಾದರೂ ಕೇಳಿದಾಗ ಮೊದಲನೆಯದು ಎರಡನೆಯದರಿಂದ ಅಂಕ ತರಿಸಿಕೊಳ್ಳಬೇಕು. ನಡುವಿನ ಜಾಲ ಮತ್ತು ಅದರ ಕಾವಲಿನ ಫೈರ್‌ವಾಲ್ ಶಹಾಬುದ್ದೀನ ಅವರ ಗುತ್ತಿಗೆಯಲ್ಲಿತ್ತು.

ಆಯುಧಪೂಜೆಗೆ ಎರಡೂ ಯಂತ್ರಗಳನ್ನು ಬಂದ್ ಮಾಡಿ, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದರು. ಪೂಜೆಗಿಟ್ಟ ಆಯುಧವನ್ನು ಮುಟ್ಟಬಾರದೆಂದು ಮರುದಿನದವರೆಗೆ ಹಾಗೆಯೇ ಬಿಟ್ಟರು. ವ್ಯವಸ್ಥೆ ಕಟ್ಟಿದ ಮೇಲೆ ಅವು ಬಂದ್ ಆದದ್ದು ಅದೇ ಮೊದಲು. ವಿಜಯದಶಮಿಯಂದು ಮತ್ತೆ ಚಾಲೂ ಮಾಡಿ, ಪಾಲಕರ ಸಭೆಯಲ್ಲಿ ಫಲಿತಾಂಶ ತೆರೆದರೆ ಪರದೆಯ ಮೇಲೆ ಒಂದೇ ಸಾಲು: ಸಂಪರ್ಕ ನಿರಾಕರಿಸಲಾಗಿದೆ.

“ಫೈರ್‌ವಾಲ್ ಅಡ್ಡ ಬಂದದ,” ಎಂದರು ಪ್ರಮಿತಾ, ಏನನ್ನೂ ಪರೀಕ್ಷಿಸದೆ. “ಶಹಾಬುದ್ದೀನಭಾಯಿ, ಮೊನ್ನೆ ಅದಕ್ಕ ಕೈ ಹಚ್ಚಿದ್ದು ನೀವೇ ಅಲ್ಲೇನ್ರಿ?”

“ಹಚ್ಚೀನ್ರಿ ಮೇಡಂ. ಆದ್ರ ಈ ಎರಡು ಮಶೀನಿನ ನಡುವಿನ ದಾರಿ ಮುಟ್ಟಿಲ್ಲ. ಒಮ್ಮೆ ನೋಡ್ರಿ.”

ಕೇಂದ್ರದ ಅಧ್ಯಕ್ಷ ರೇವಣಸಿದ್ದಯ್ಯನವರು ಮೈಕಿನಲ್ಲಿಯೇ ನಕ್ಕರು. “ಪೂಜಿಗಿ ನಿಲ್ಲದವ್ರ ಕೈಗಿ ಕೀಲಿ ಕೊಟ್ರ ಹಿಂಗೇ ಆಗ್ತದ ನೋಡ್ರಿ!”

ಸಭೆಯೂ ನಕ್ಕಿತು. ಪೂಜೆಯ ಚೆಂಡುಹೂ ತಂದುಕೊಟ್ಟವರು ಶಹಾಬುದ್ದೀನರೇ. ಅದು ಪ್ರಮಿತಾ ಅವರಿಗೆ ಗೊತ್ತಿತ್ತು. ಅವರು ಶಹಾಬುದ್ದೀನರ ಮುಖ ನೋಡಿದರು, ಸುಮ್ಮನಾದರು.

ಪ್ರಮಿತಾ ಫೈರ್‌ವಾಲನ್ನು ಪೂರ್ತಿ ತೆಗೆಸಿದರೂ ಅದೇ ಸಾಲು. ಆಗ ಅವರಿಗೆ ಹೊಳೆಯಿತು. ಆ ಫೈರ್‌ವಾಲ್ ತಡೆದಿದ್ದರೆ ಉತ್ತರವೇ ಬಾರದೆ ಪುಟ ಕಾಯುತ್ತಲೇ ಇರುತ್ತಿತ್ತು. ಇಲ್ಲಿ ನಿರಾಕರಣೆ ತಕ್ಷಣ ಬರುತ್ತಿತ್ತು. ಹಿಂದಿನ ಯಂತ್ರ ಎದ್ದಿದೆ, ಅದರೊಳಗಿನ ಡೇಟಾಬೇಸ್ ತಂತ್ರಾಂಶ ಎದ್ದಿಲ್ಲ. ಯಂತ್ರದೊಡನೆ ಅದೂ ತಾನಾಗಿ ಶುರುವಾಗುವಂತೆ ಪ್ರಮಿತಾ ಏರ್ಪಡಿಸಿರಲೇ ಇಲ್ಲ. ಮೊದಲ ದಿನ ಕೈಯಾರೆ ನಡೆಸಿ ಮರೆತಿದ್ದರು. ಈಗ ಮತ್ತೆ ನಡೆಸಿದರು. ಫಲಿತಾಂಶ ತೆರೆಯಿತು, ಚಪ್ಪಾಳೆ ಬಿತ್ತು.

ಅವರು ಮೈಕು ಹಿಡಿದರು. “ತಪ್ಪು ನಂದು. ಶಹಾಬುದ್ದೀನಭಾಯಿದು ಏನೂ ತಪ್ಪಿಲ್ಲ.”

“ಆಯ್ತು ಬಿಡವಾ, ಹಬ್ಬದ ದಿನ ಯಾಕ ಅದು? ಬನ್ನಿ ತಗೊಂಡು ಬಂಗಾರದಂಗ ಇರೋಣ,” ಎಂದರು ಅಧ್ಯಕ್ಷರು.

ಮನಸ್ತಾಪ ಮರೆಯಲೆಂದು ಅಂದು ಎಲ್ಲರೂ ಪರಸ್ಪರ ಬನ್ನಿ ಎಲೆ ಕೊಡುವುದು ಇಲ್ಲಿಯ ಪದ್ಧತಿ. ಪ್ರಮಿತಾ ಎಲೆ ಹಿಡಿದು ಶಹಾಬುದ್ದೀನರ ಮುಂದೆ ನಿಂತರು.

“ಮಶೀನಿಂದು ಬಿಡ್ರಿ ಮೇಡಂ, ಯಾರಿಗೂ ಆಗ್ತದ. ಅಯ್ಯನೋರು ಹಂಗ ಅಂದಾಗ ನೀವು ನನ್ನ ಮಾರಿ ನೋಡಿ ಸುಮ್ಮನಾದ್ರಿ. ಅದಕ್ಕೇನು ಹೇಳ್ತೀರಿ?”

ಶಹಾಬುದ್ದೀನ ಬನ್ನಿ ತೆಗೆದುಕೊಂಡರು. ಆ ತಿಂಗಳೇ ಗುತ್ತಿಗೆ ಬಿಟ್ಟು ಶಹಾಬಾದಿನಲ್ಲಿ ಸ್ವಂತ ಅಂಗಡಿ ತೆರೆದರು. ಪ್ರಮಿತಾ ಪ್ರತಿ ಹೊಸ ತರಗತಿಗೂ ಈ ದೋಷವನ್ನು ಕಲಿಸುವಾಗ ತಮ್ಮ ಮೌನವನ್ನೂ ತಲೆ ತಗ್ಗಿಸಿ ಹೇಳುತ್ತಾರೆ. ಅಧ್ಯಕ್ಷರು ತಮ್ಮ ಅಂದಿನ ಮಾತನ್ನು ಇಂದಿಗೂ ತಮಾಷೆ ಎನ್ನುತ್ತಾರೆ.