ಸೋಮಾರಿ ಏಳುವವರೆಗೆ ಕಾದ ಕಿವಿ

ಸಂಗೀತವನ್ನು ನುಡಿಸುವವರು ಹಲವರು, ನುಡಿಸಿದ್ದನ್ನು ಹೊಗಳುವವರು ಅವರಿಗಿಂತ ಹೆಚ್ಚು. ಆದರೆ ಕೇಳುವುದನ್ನೇ ಒಂದು ಕಸುಬಾಗಿ ಸ್ವೀಕರಿಸಿ, ಆ ಕಸುಬಿಗೆ ಕೊನೆಯತನಕ ನಿಷ್ಠರಾಗಿ ಉಳಿದವರು ವಿರಳ. ನಮ್ಮ ಬಾನುಲಿ ನಿಲಯದ ಸಂಗೀತ ವಿಭಾಗದಿಂದ ಈ ತಿಂಗಳು ನಿವೃತ್ತರಾಗುತ್ತಿರುವ, ಕೇಳುಗರಿಗೆ ಬರಿಯ ಧ್ವನಿಯಾಗಿಯೂ ಸಹೋದ್ಯೋಗಿಗಳಿಗೆಲ್ಲ ‘ಮುಸುಕು ಮೇಡಂ’ ಆಗಿಯೂ ಪರಿಚಿತರಾದ ಹಿರಿಯರು ಆ ವಿರಳರ ಸಾಲಿಗೆ ಸೇರಿದವರು. ಪಿಯಾನೊ ಕನ್ಸರ್ಟೊ ಎಂದರೆ ಒಂದು ಪಿಯಾನೊ ಇಡೀ ವಾದ್ಯವೃಂದದೊಡನೆ ಒಮ್ಮೆ ಜಗಳವಾಡಿ ಒಮ್ಮೆ ರಾಜಿಯಾಗುವ ದೊಡ್ಡ ರಚನೆ ಎಂಬುದನ್ನು ಈ ಊರಿನ ಮನೆಮನೆಗೆ ತಿಳಿಸಿಕೊಟ್ಟವರು ಅವರು. ಒಂದೇ ಕನ್ಸರ್ಟೊವನ್ನು ಮೂವರು ನುಡಿಸಿದರೆ ಅದು ಮೂರು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತದೆ ಎಂದು ಕೇಳಿಸಿ ತೋರಿಸಿದವರೂ ಅವರೇ.

ಅವರ ತಾಯಿ ಮನೆಯಲ್ಲಿ ಪಿಯಾನೊ ಪಾಠ ಹೇಳುತ್ತಿದ್ದವರು. ಊಟದ ಮೇಜಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಂತಿದ್ದ ಹಳೆಯ ಪಿಯಾನೊ, ಅದರ ಮುಂದೆ ಒಂದೇ ಬೆಂಚು, ಬೆಂಚಿನ ಮೇಲೆ ಅಕ್ಕ ಮತ್ತು ತಂಗಿ. ಬಲಗಡೆಯ ಒಂದು ಬಿಳಿ ಕೀ ಒತ್ತಿದರೆ ಇಳಿಯುತ್ತಿತ್ತು, ಮೇಲೇಳಲು ಮಾತ್ರ ಮೀನಮೇಷ ಎಣಿಸುತ್ತಿತ್ತು. ಮನೆಯವರು ಅದಕ್ಕೆ ‘ಸೋಮಾರಿ’ ಎಂದು ಹೆಸರಿಟ್ಟಿದ್ದರು. ಆ ಸ್ವರವನ್ನು ಬೆನ್ನುಬೆನ್ನಿಗೆ ಎರಡು ಸಲ ನುಡಿಸಬೇಕಾದಾಗ ತಾಯಿ ಅಡುಗೆಮನೆಯಿಂದಲೇ, “ಸೋಮಾರಿ ಏಳಲಿ, ಕಾಯಿ” ಎನ್ನುತ್ತಿದ್ದರು. ಮಕ್ಕಳು ಒಂದು ಎಳೆಯಷ್ಟು ಕಾದು ಮುಂದೆ ಹೋಗುತ್ತಿದ್ದರು. ಅಕ್ಕನ ಬೆರಳು ಉದ್ದ, ಹಟವೂ ಉದ್ದ. ಆಕೆ ವೇದಿಕೆಯ ಕಲಾವಿದೆಯಾದರು. ತಂಗಿಗೆ ದೇವರು ಕೈಯಲ್ಲಿ ಕಡಿಮೆ ಮಾಡಿದ್ದನ್ನು ಕಿವಿಯಲ್ಲಿ ತುಂಬಿಕೊಟ್ಟಿದ್ದನು.

ನಿಲಯಕ್ಕೆ ಉದ್ಘೋಷಕಿಯಾಗಿ ಸೇರಿದ ಕೆಲವೇ ವರ್ಷಗಳಲ್ಲಿ ಮೇಡಂ ಧ್ವನಿಮುದ್ರಣಗಳನ್ನು ಹೋಲಿಸುವ ವಾರದ ಕಾರ್ಯಕ್ರಮವನ್ನು ಆರಂಭಿಸಿದರು. ಅದರ ಪದ್ಧತಿ ಅವರದೇ. ಯಾವ ಕನ್ಸರ್ಟೊ ಎಂಬುದಷ್ಟೇ ಅವರಿಗೆ ತಿಳಿದಿರುತ್ತಿತ್ತು. ಯಾರು ನುಡಿಸಿದ ರೆಕಾರ್ಡುಗಳು ಎಂಬುದನ್ನು ಆರಿಸುವವರು ರೆಕಾರ್ಡು ಭಂಡಾರದ ಯಜಮಾನರು. ಹಳೆಯ ಕಿಟಕಿ ಪರದೆಯನ್ನು ಕತ್ತರಿಸಿ ತಾಯಿ ಹೊಲಿದುಕೊಟ್ಟಿದ್ದ ಮೂರು ಚೀಲಗಳಲ್ಲಿ ಅವುಗಳ ರಟ್ಟಿನ ಹೊದಿಕೆಗಳನ್ನು ಮುಚ್ಚಿಡಲಾಗುತ್ತಿತ್ತು. ತಂತ್ರಜ್ಞರು ರೆಕಾರ್ಡು ಹಾಕುವಾಗ ಮೇಡಂ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಮೂರನ್ನೂ ಕೇಳಿ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಗುಣದೋಷಗಳನ್ನು ಬಿಡಿಸಿ ಹೇಳಿ, ಸ್ಥಾನ ಕೊಟ್ಟ ಮೇಲೆಯೇ “ಈಗ ಮುಸುಕು ತೆಗೆಯೋಣ” ಎನ್ನುವುದು ರೂಢಿ. ಲೋಕವಿಖ್ಯಾತರು ಮೂರನೆಯವರಾಗಿ, ಹೆಸರೇ ಕೇಳದವರು ಮೊದಲನೆಯವರಾಗಿ ಹೊರಬಂದ ವಾರಗಳುಂಟು. ಮುಸುಕಿನೊಳಗಿನ ಗುದ್ದು ಎಂಬ ಮಾತಿಗೆ ಇದಕ್ಕಿಂತ ಸಭ್ಯವಾದ ಅರ್ಥ ಸಿಕ್ಕಲಾರದು ಎಂದು ಭಂಡಾರದ ಯಜಮಾನರು ತಮಾಷೆ ಮಾಡುತ್ತಿದ್ದರು. ಹೆಸರು ಕಿವಿಗೆ ಮೊದಲು ಬಿದ್ದರೆ ಸಂಗೀತ ಆಮೇಲೆ ಬೀಳುವುದಿಲ್ಲ ಎಂಬುದು ಮೇಡಂ ಅವರ ಸಿದ್ಧಾಂತವಾಗಿತ್ತು.

ಕಿವಿ ಇಷ್ಟು ಕಟುವಾಗಿದ್ದರೂ ಮನಸ್ಸು ಹಾಗಿರಲಿಲ್ಲ. ಹೊಸದಾಗಿ ಬಂದ ಉದ್ಘೋಷಕಿಯೊಬ್ಬಳು ಪರದೇಶದ ಕಲಾವಿದರೊಬ್ಬರ ಹೆಸರನ್ನು ಪ್ರಸಾರದಲ್ಲಿ ತಪ್ಪಾಗಿ ಉಚ್ಚರಿಸಿ, ಕೇಳುಗರ ಕುಹಕದ ಫೋನುಗಳಿಗೆ ಗುರಿಯಾಗಿ, ನಾಳೆಯಿಂದ ಬರುವುದಿಲ್ಲ ಎಂದು ಮುಖ ಊದಿಸಿಕೊಂಡು ಕುಳಿತಿದ್ದಳು. ಮುಂದಿನ ವಾರ ಮೇಡಂ ತಮ್ಮ ಕಾರ್ಯಕ್ರಮದಲ್ಲಿ ಅದೇ ಹೆಸರನ್ನು ಅದೇ ರೀತಿ ತಪ್ಪಾಗಿ, ಎಲ್ಲಿಲ್ಲದ ಗಾಂಭೀರ್ಯದಿಂದ ಉಚ್ಚರಿಸಿದರು. ಮುಸುಕು ಮೇಡಂ ಹಾಗೆ ಹೇಳಿದ ಮೇಲೆ ಅದೇ ಸರಿಯಿರಬೇಕೆಂದು ಊರು ಒಪ್ಪಿತು. ಈಗಲೂ ಇಲ್ಲಿ ಆ ಕಲಾವಿದರನ್ನು ಹಾಗೆಯೇ ಕರೆಯುತ್ತಾರೆ. ಆ ಹುಡುಗಿಯೇ ಇಂದು ನಮ್ಮ ಮುಖ್ಯ ಉದ್ಘೋಷಕಿ.

ಪರರ ತಪ್ಪಿಗೆ ಹೀಗೆ ಹೆಗಲು ಕೊಟ್ಟವರು ತಮ್ಮವರ ವಿಷಯದಲ್ಲಿ ಕಲ್ಲಾದ ಒಂದು ಪ್ರಸಂಗವಿದೆ. ಈ ಅಭಿನಂದನ ಗ್ರಂಥದಲ್ಲಿ ಅದೇಕೆ ಎಂದು ಕೇಳುವವರಿಗೆ, ಅಕ್ಕ ತಂಗಿ ಇಬ್ಬರೂ ಸೇರಿ ಹೇಳಿ, ಬರೆಯಲೇಬೇಕೆಂದು ತಾಕೀತು ಮಾಡಿದ್ದಾರೆ ಎಂಬುದೇ ಉತ್ತರ.

ಅಕ್ಕ ನಗರದ ವಾದ್ಯವೃಂದದೊಡನೆ ಒಂದು ಕನ್ಸರ್ಟೊ ನುಡಿಸಿ, ಅದು ರೆಕಾರ್ಡಾಗಿ ಹೊರಬಂದಿತ್ತು. ಮೇಡಂಗೆ ಸಂತೋಷವಾಗಲೆಂದು ಭಂಡಾರದ ಯಜಮಾನರು ಅದನ್ನೂ ಒಂದು ಚೀಲಕ್ಕೆ ಹಾಕಿದರು. ನಿಧಾನ ಗತಿಯ ಎರಡನೇ ಭಾಗ ಬಂತು. ಅದರ ರಾಗದ ತುದಿಯಲ್ಲಿ ಒಂದು ಸ್ವರ ಎರಡು ಸಲ ಬರುತ್ತದೆ. ಆ ಎರಡರ ನಡುವೆ ಪಿಯಾನೊ ಒಂದು ಎಳೆಯಷ್ಟು ಕಾದು ಮುಂದೆ ಹೋಯಿತು. ಗೋಡೆಗೆ ಮುಖ ಮಾಡಿ ಕೂತಿದ್ದ ಮೇಡಂ ಅವರ ಬೆನ್ನು ನೆಟ್ಟಗಾದದ್ದನ್ನು ಗಾಜಿನ ಈಚೆಗಿದ್ದ ನಮ್ಮವರು ಕಂಡಿದ್ದಾರೆ. ಆದರೆ ಅವರ ಮಾತಿನಲ್ಲಿ ಏರುಪೇರಾಗಲಿಲ್ಲ. ಇದಕ್ಕೆ ಮೂರನೇ ಸ್ಥಾನ ಎಂದರು. ತುದಿಯ ಸ್ವರದ ಬಳಿ ಅನಗತ್ಯವಾದ ಒಂದು ತಡೆ ಇದೆ, ಬೆರಳಿಗೆ ಧೈರ್ಯ ಸಾಲದು ಎಂದರು. ಮುಸುಕು ತೆಗೆದು ಅಕ್ಕನ ಹೆಸರನ್ನು ಓದಿ, ನಮಸ್ಕಾರ ಹೇಳಿ ಮುಗಿಸಿದರು.

ಅಂದು ಸಂಜೆ ಅಕ್ಕ ಫೋನ್ ಮಾಡಿ, ಕಾರ್ಯಕ್ರಮ ಕೇಳಿದೆ ಎಂದಷ್ಟೇ ಹೇಳಿ ಇಟ್ಟರು. ಅಲ್ಲಿಂದಾಚೆ ತಾಯಿಯನ್ನು ನೋಡಲು ಒಬ್ಬರು ಬರುವ ದಿನ ಇನ್ನೊಬ್ಬರು ಬರುವುದು ನಿಂತಿತು. ತಾಯಿ ಹೋದ ಮೇಲೆ ಪಿಯಾನೊ ಅಕ್ಕನ ಮನೆ ಸೇರಿತು. ತಂಗಿ ಬೇಡವೆಂದೂ ಅನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ನಿಲಯದಲ್ಲಿ ಮೇಡಂ ಅವರ ನಿಷ್ಪಕ್ಷಪಾತವನ್ನು ಎಲ್ಲರೂ ಕೊಂಡಾಡಿದರು. ಆ ಹೊಗಳಿಕೆ ಕೇಳಿದಾಗಲೆಲ್ಲ ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಹೀಗೆ ವರ್ಷಗಳು ಕಳೆದ ಮೇಲೆ ನಡೆದದ್ದು, ಕೇಳುವುದನ್ನೇ ಕಸುಬು ಮಾಡಿಕೊಂಡವರು ಮಾತ್ರ ಮಾಡಬಲ್ಲ ಒಂದು ತಪ್ಪು. ಒಂದು ವಾರ ಮೊದಲನೆಯ ರೆಕಾರ್ಡಿಗೆ ‘ಹೃದಯದಿಂದ ಹೊಮ್ಮಿದ ವಾದನ’ ಎಂದೂ, ಮೂರನೆಯದಕ್ಕೆ ‘ಲೆಕ್ಕಾಚಾರದ, ಒಣ ವಾದನ’ ಎಂದೂ ಮೇಡಂ ತೀರ್ಪು ಕೊಟ್ಟರು. ಕೇಳುಗರು ಮೆಚ್ಚಿದರು, ನಾವೂ ತಲೆದೂಗಿದೆವು. ಮರುದಿನ ಅವರು ತಮ್ಮ ಪಾಡಿಗೆ ಮತ್ತೆ ಅವನ್ನೇ ಕೇಳುತ್ತ ಕೂತಿದ್ದಾಗ, ಹೃದಯದಿಂದ ಹೊಮ್ಮಿದ್ದರಲ್ಲಿ ಸಭಿಕರೊಬ್ಬರು ಕೆಮ್ಮಿದರು. ಒಣ ವಾದನದಲ್ಲೂ ಅದೇ ಜಾಗದಲ್ಲಿ ಅದೇ ಮನುಷ್ಯ ಅದೇ ಕೆಮ್ಮು ಕೆಮ್ಮಿದನು. ಎರಡೂ ಒಂದೇ ಕಛೇರಿಯ ಮುದ್ರಣ. ಇನ್ನಾವುದೋ ಕಂಪನಿ ಬೇರೆ ಹೆಸರು ಅಂಟಿಸಿ, ಧ್ವನಿ ಒಂದಿಷ್ಟು ಏರಿಸಿ ಮಾರಿತ್ತು.

ಯಾರಿಗೂ ತಿಳಿದಿಲ್ಲ, ಸುಮ್ಮನಿದ್ದುಬಿಡಿ ಎಂದು ನಿಲಯದ ನಿರ್ದೇಶಕರು ಹೇಳಿದರು. ಹೇಳಿದರೆ ಕಾರ್ಯಕ್ರಮವೇ ನಿಂತೀತು ಎಂದೂ ಎಚ್ಚರಿಸಿದರು. ಆ ಎಚ್ಚರಿಕೆ ಸುಳ್ಳಲ್ಲ. ಕಿವಿಯ ಮೇಲಿನ ನಂಬಿಕೆಯೇ ಅದರ ಬಂಡವಾಳ. ಆದರೂ ಮುಂದಿನ ವಾರ ಮೇಡಂ ಎರಡೂ ಕೆಮ್ಮುಗಳನ್ನು ಒಂದರ ಹಿಂದೊಂದು ಕೇಳಿಸಿ, “ಇವೆರಡೂ ಒಂದೇ. ಇಲ್ಲದ ವ್ಯತ್ಯಾಸ ನನಗೆ ಕೇಳಿಸಿತ್ತು, ಕ್ಷಮಿಸಿ” ಎಂದರು. ಊರು ಒಂದು ವಾರ ನಕ್ಕಿತು. ಯಾರಾದರೂ ಕೆಮ್ಮಿದರೆ ‘ಹೃದಯದ್ದೋ, ಒಣದ್ದೋ’ ಎಂದು ಕೇಳುವುದು ನಿಲಯದ ಕ್ಯಾಂಟೀನಿನಲ್ಲಿ ಬಹುಕಾಲ ನಡೆಯಿತು. ಕಾರ್ಯಕ್ರಮ ನಿಲ್ಲಲಿಲ್ಲ; ಕೇಳುಗರು ಇನ್ನಷ್ಟು ಹತ್ತಿರವಾದರು.

ಮೇಡಂಗೆ ಮಾತ್ರ ಆ ನಗೆಯಲ್ಲಿ ಪಾಲಿರಲಿಲ್ಲ. ಇಲ್ಲದ್ದನ್ನು ಕೇಳಬಲ್ಲ ಕಿವಿ ಅಂದು ಅಕ್ಕನ ವಾದನದಲ್ಲಿ ಏನನ್ನು ಕೇಳಿತ್ತು ಎಂಬ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. ಭಂಡಾರದಿಂದ ಆ ರೆಕಾರ್ಡನ್ನು ಕೇಳಿ ಪಡೆದು ಮನೆಗೊಯ್ದು, ಮುಸುಕಿಲ್ಲದೆ, ಹೊದಿಕೆಯ ಮೇಲಿನ ಅಕ್ಕನ ಮುಖವನ್ನು ಎದುರಿಗಿಟ್ಟುಕೊಂಡು ಕೇಳಿದರು. ತಡೆ ಇತ್ತು. ಆದರೆ ಅದು ಅನಗತ್ಯವಾಗಿರಲಿಲ್ಲ. ಆ ಕಾಯುವಿಕೆಯಲ್ಲೇ ರಾಗ ಉಸಿರೆಳೆದುಕೊಳ್ಳುತ್ತಿತ್ತು. ವಾದನ ಮುಗಿದು ಸೂಜಿಯಡಿ ರೆಕಾರ್ಡು ಬರಿದೇ ಗಿರಕಿ ಹೊಡೆಯುತ್ತಿದ್ದರೂ ಅವರಿಗೆ ಏಳಲಾಗಲಿಲ್ಲ, ಅತ್ತರು. ಮರುದಿನ ಮಧ್ಯಾಹ್ನ ಹೇಳದೆ ಕೇಳದೆ ಅಕ್ಕನ ಮನೆಯ ಬಾಗಿಲು ತಟ್ಟಿದರು.

ಪಾಠಕ್ಕೆ ಬಂದಿದ್ದ ಮಕ್ಕಳನ್ನು ಬೇಗ ಕಳಿಸಿ ಅಕ್ಕ ಎದುರಿಗೆ ಕೂತರು. ಆರೋಗ್ಯ, ಮಂಡಿನೋವು, ಮಾರಿಹೋದ ಹಳೆಯ ಮನೆ, ಹೀಗೆ ಮಾತು ಎಲ್ಲೆಲ್ಲೋ ಸುತ್ತಿ ಬಂತು. ಕೊನೆಗೆ ಅಕ್ಕನೇ ಆ ಮಾತು ತೆಗೆದರು.

“ಮೂರನೇ ಜಾಗ ಕೊಟ್ಟೆ ಅಂತ ನನಗೆ ಸಿಟ್ಟಿರಲಿಲ್ಲ ಕಣೆ. ಆ ತಡೆ ನಿನಗೆ ಕೇಳಿಸ್ತು, ನಾನು ಕೇಳಿಸಲಿಲ್ಲವಲ್ಲ. ಒಂದೇ ಬೆಂಚಿನ ಮೇಲೆ ಕೂತು ಬೆಳೆದವಳಿಗೆ ನನ್ನ ಕೈ ಗೊತ್ತಾಗಲಿಲ್ಲವಲ್ಲ ಅಂತ.”

“ಗೊತ್ತಾಯ್ತು ಅಕ್ಕ. ಸೋಮಾರಿ ಏಳಲಿ ಅಂತ ನೀನು ಕಾದ ತಕ್ಷಣ ಗೊತ್ತಾಯ್ತು. ಅಕ್ಕ ಅಂತ ಮೇಲೆ ಹತ್ತಿಸಿದಳು ಅಂದಾರು ಅಂತ ಹೆದರಿ ಕೆಳಗೆ ಹಾಕಿದೆ.”

ಅಕ್ಕ, “ಹಾಗಾದರೆ ಮುಸುಕು ಹಾಕಿದ್ದು ರೆಕಾರ್ಡಿಗಲ್ಲ, ನಿನಗೆ” ಎಂದರು. ಬೈದದ್ದೋ ತಮಾಷೆಯೋ ತಂಗಿಗೆ ತಿಳಿಯಲಿಲ್ಲ. ಅಕ್ಕ ಎದ್ದು ಹೋಗಿ ಬೆಂಚಿನ ಒಂದು ತುದಿಗೆ ಸರಿದು ಕೂತು, ಇನ್ನೊಂದು ತುದಿಯನ್ನು ಖಾಲಿ ಬಿಟ್ಟ ಮೇಲೆ ತಿಳಿಯಿತು.

ಮೇಡಂ ಅವರ ಕೊನೆಯ ಕಾರ್ಯಕ್ರಮಕ್ಕೆ ಭಂಡಾರದ ಯಜಮಾನರು ಯಾರಿಗೂ ಹೇಳದೆ ಅದೇ ಕನ್ಸರ್ಟೊವನ್ನು ಆರಿಸಿ, ಅಕ್ಕನ ರೆಕಾರ್ಡನ್ನು ಮತ್ತೆ ಚೀಲಕ್ಕೆ ಹಾಕಿದರು. ಅವರಿಗೂ ಒಂದು ಋಣ ತೀರಿಸುವುದಿತ್ತೋ ಏನೋ. ಮೂರೂ ಮುಗಿದವು. ಗೋಡೆಯ ಕಡೆಗಿದ್ದ ಕುರ್ಚಿಯನ್ನು ಮೇಡಂ ಮೊದಲ ಬಾರಿಗೆ ತಾವೇ ನಮ್ಮ ಕಡೆಗೆ ತಿರುಗಿಸಿಕೊಂಡರು.

“ಕೊನೆಯಲ್ಲಿ ಕೇಳಿದ್ದು ನಮ್ಮ ಅಕ್ಕ. ಮುಸುಕು ತೆಗೆಯುವುದು ಬೇಕಿಲ್ಲ. ಆ ಸ್ವರದ ಹತ್ತಿರ ಕಾಯುತ್ತಾರಲ್ಲ, ಅದನ್ನು ಒಮ್ಮೆ ನಾನು ತಪ್ಪು ಅಂದಿದ್ದೆ. ಅದು ತಪ್ಪಲ್ಲ. ಅದು ನಮ್ಮ ಮನೆ.”

ತುಸು ತಡೆದು, ಸ್ಥಾನವನ್ನೂ ಕೊಟ್ಟರು: ಎರಡನೆಯದು.

ಪ್ರಸಾರದ ಕೆಂಪು ದೀಪ ಆರುವಷ್ಟರಲ್ಲಿ ನಿಯಂತ್ರಣ ಕೊಠಡಿಯ ಫೋನು ಬಡಿದುಕೊಂಡಿತು. ತಂತ್ರಜ್ಞರು ಎತ್ತಿದರೆ ಆ ಕಡೆ ಅಕ್ಕ. ಎರಡನೇ ಜಾಗ ಸರಿಯಾಗಿದೆ, ಮೊದಲನೆಯವರು ನಿಜಕ್ಕೂ ಹೆಚ್ಚು ಚೆನ್ನಾಗಿ ನುಡಿಸಿದ್ದಾರೆ ಎಂದು ತಂಗಿಗೆ ತಿಳಿಸಬೇಕಂತೆ, ಜೊತೆಗೆ ಬರುವಾಗ ಆ ಮೂರು ಚೀಲಗಳನ್ನು ತರಬೇಕಂತೆ, ಪಾಠದ ಮಕ್ಕಳ ಪುಸ್ತಕ ಇಡಲು ಬೇಕಂತೆ. ಹೊಗಳಿಕೆ ಕೇಳಿದಾಗಲೆಲ್ಲ ಕನ್ನಡಕ ಒರೆಸಿಕೊಳ್ಳುತ್ತಿದ್ದವರು ಅಂದು ಅದನ್ನು ತೆಗೆದು ಪಕ್ಕಕ್ಕಿಟ್ಟು ನಕ್ಕರು.

ನಿವೃತ್ತಿಯ ನಂತರ ಅಕ್ಕ ಪಿಯಾನೊ ಕಲಿಸುವ ಮಕ್ಕಳಿಗೆ ತಾವು ಕೇಳುವುದನ್ನು ಕಲಿಸುವುದಾಗಿ ಮೇಡಂ ಹೇಳಿದ್ದಾರೆ. ಈ ಊರಿಗೆ ಅದಕ್ಕಿಂತ ದೊಡ್ಡ ಲಾಭವಿಲ್ಲ. ಕಳೆದ ವಾರ ಪಿಯಾನೊ ರಿಪೇರಿಯವರು ಆ ಮನೆಗೆ ಬಂದು, ತಂತಿಗಳನ್ನೆಲ್ಲ ಶ್ರುತಿ ಮಾಡಿ, ಬಲಗಡೆಯ ಬಿಳಿ ಕೀಗೆ ಕೈಹಾಕಿದಾಗ ಅಕ್ಕ ತಂಗಿ ಒಂದೇ ಉಸಿರಿಗೆ ಬೇಡವೆಂದರಂತೆ. ನಮ್ಮ ಹಾರೈಕೆಯೂ ಅದರ ಸುತ್ತಲೇ ಇದೆ: ಅವರ ಕಿವಿ ಸದಾ ಚುರುಕಾಗಿರಲಿ, ಕೆಲಸ ಸಾಗುತ್ತಿರಲಿ, ಒಂದೇ ಬೆಂಚಿನ ಮೇಲೆ ಇಬ್ಬರೂ ಬಹುಕಾಲ ಕೂರುವಂತಾಗಲಿ, ಮುಪ್ಪು ಅವರ ಬಳಿಗೆ ಬರಲೇಬೇಕಾದರೆ, ಸೋಮಾರಿ ಏಳುವಷ್ಟು ನಿಧಾನವಾಗಿ ಬರಲಿ.