ಅಕ್ಕನ ಕೈಗೆ ತಕ್ಕ ಪುಟ

ಅಕ್ಕನ ಕೈಯಿಂದ ಪುಸ್ತಕ ಬಿದ್ದ ಸದ್ದು ಮಹಡಿಯ ಮೇಲಿದ್ದ ನನಗೆ ಕೇಳಿಸಿತು. ಅದು ನಾನೇ ಬೈಂಡ್ ಮಾಡಿದ ಪುಸ್ತಕ. ಮಕ್ಕಳ ಮಾಸಪತ್ರಿಕೆಯ ಒಂದು ವರ್ಷದ ಸಂಚಿಕೆಗಳನ್ನು ಒಟ್ಟುಗೂಡಿಸಿ, ದಾರದಲ್ಲಿ ಹೊಲಿದು, ದಪ್ಪ ರಟ್ಟು ಹಾಕಿ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿದ್ದು. ಅಂಥವು ಅವಳ ಬೀರುವಿನಲ್ಲಿ ಒಂದು ಸಾಲು ಇದ್ದವು, ಎಲ್ಲದರಲ್ಲೂ ಚಿತ್ರಕಥೆಗಳೇ ಹೆಚ್ಚು. ನಾನು ಇಳಿದು ಬಂದಾಗ ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿ ಕೂತು ನೆಲದ ಮೇಲಿನ ಪುಸ್ತಕವನ್ನೇ ನೋಡುತ್ತಿದ್ದಳು.

"ಎತ್ಕೊಡ್ಲಾ?" ಅಂದೆ.

"ಎತ್ಕೊಟ್ರೆ ಮತ್ತೆ ಬೀಳುತ್ತೆ. ಅಲ್ಲೇ ಇರ್ಲಿ ಬಿಡು, ಅದಕ್ಕೂ ಸುಸ್ತಾಗಿರುತ್ತೆ."

ಅಕ್ಕನಿಗಿದ್ದದ್ದು ನರಗಳು ಸೋಲುವ ಕಾಯಿಲೆ. ಹೆಬ್ಬಾಳದ ಆಸ್ಪತ್ರೆಯಲ್ಲಿ ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ಹೇಳಲು ನೋಡಿದಾಗ ಅಕ್ಕ ಬಿಡಲಿಲ್ಲ. "ಕಾಯಿಲೆ ನಂದು ಡಾಕ್ಟ್ರೇ, ನಂಗೇ ಹೇಳಿ" ಅಂದಳು. ಅವರು ಹೇಳಿದರು. ಮೊದಲು ಕೈ, ಆಮೇಲೆ ಕಾಲು, ಆಮೇಲೆ ಮಾತು. ನಿಧಾನ ಮಾಡಲು ನೋಡಬಹುದು, ನಿಲ್ಲಿಸಲು ಆಗುವುದಿಲ್ಲ. ವಾಪಸು ಬರುವಾಗ ಆಟೋದಲ್ಲಿ ಅವಳು ಮಾತಾಡಿದ್ದು ಟ್ರಾಫಿಕ್ಕಿನ ಬಗ್ಗೆ ಮಾತ್ರ.

ನಾನು ಏಳನೇ ಕ್ಲಾಸು ಮುಗಿಯುವ ಮೊದಲೇ ಶಾಲೆ ಬಿಟ್ಟು ಯಶವಂತಪುರದ ಒಂದು ಬೈಂಡಿಂಗ್ ಅಂಗಡಿ ಸೇರಿದವನು. ಈಗ ಅದೇ ರಸ್ತೆಯಲ್ಲಿ ನನ್ನ ಸ್ವಂತ ಅಂಗಡಿ ಇದೆ. ಯಾರ ಮುಂದೆಯೂ ಕೈ ಚಾಚದೆ ಮಾಡಿಕೊಂಡದ್ದು, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅಕ್ಕ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು, ಮದುವೆಯಾಗಲಿಲ್ಲ. ಕಾರ್ಖಾನೆಯ ಬಸ್ಸಿನಿಂದ ಇಳಿಯುವಾಗ ಅವಳ ಕಂಕುಳಲ್ಲಿ ಆ ಮಾಸಪತ್ರಿಕೆ ಇರುತ್ತಿತ್ತು. ತಮ್ಮನಿಗೆ ಅಂತ ಎಲ್ಲರಿಗೂ ಹೇಳುತ್ತಿದ್ದಳು. ಮೊದಲು ಓದುತ್ತಿದ್ದದ್ದು ಅವಳೇ. ಅವಳದು ಮುಗಿಯುವವರೆಗೆ ನಾನು ಅಂಟು ಮೆತ್ತಿದ ಕೈ ತೊಳೆದುಕೊಂಡು ಕಾಯುತ್ತಾ ಕೂರಬೇಕು. ನಿವೃತ್ತಿಯಾದ ಮೇಲೆ ಕೋಗಿಲು ಬಡಾವಣೆಯಲ್ಲಿ ನಾವಿಬ್ಬರೂ ಸೇರಿ ಕಟ್ಟಿದ ಮನೆಯ ಕೆಳಭಾಗದಲ್ಲಿ ಅವಳು ಇದ್ದಳು, ಮೇಲೆ ನಾನು ಮತ್ತು ನನ್ನ ಹೆಂಡತಿ.

ಪುಸ್ತಕ ಬಿದ್ದ ಮಾರನೆಯ ದಿನದಿಂದ ನಾನೇ ಪಕ್ಕದಲ್ಲಿ ಕೂತು ಹಿಡಿದುಕೊಂಡು ಪುಟ ತಿರುಗಿಸತೊಡಗಿದೆ. ಅದು ಸರಿಹೋಗಲಿಲ್ಲ. ನಾನು ಅಕ್ಷರ ಓದಿ ಮುಗಿಸಿದ ಕೂಡಲೇ ಪುಟ ತಿರುಗಿಸುವವನು. ಅಕ್ಕ ಅಕ್ಷರ ಓದಿ, ಚಿತ್ರಕ್ಕೆ ಹೋಗಿ, ಚಿತ್ರದೊಳಗಿನ ಮರದ ಹಿಂದೆ ಯಾರಿದ್ದಾರೆ, ರಾಜನ ಹಿಂದೆ ನಿಂತ ಆಳಿನ ಮುಖ ಹೇಗಿದೆ, ಎಲ್ಲ ನೋಡಿ ಮುಂದೆ ಹೋಗುವವಳು.

"ಲೋ, ಬಸ್ ಹಿಡೀಬೇಕೇನೋ ನಿಂಗೆ?" ಅನ್ನುತ್ತಿದ್ದಳು.

ನನ್ನ ಹೆಂಡತಿ ಕೂತಳು. ಅವಳದು ತಾಳ್ಮೆಯ ಜೀವ. ಅಕ್ಕನ ಮುಖ ನೋಡುತ್ತಾ, ಆಯಿತು ಅನ್ನಿಸಿದಾಗ ತಿರುಗಿಸುತ್ತಿದ್ದಳು. ಅದೂ ಎರಡು ದಿನಕ್ಕೆ ನಿಂತಿತು. "ಪಾಪ, ಇವಳು ನನ್ ಮುಖಾನೇ ಓದ್ತಾಳೆ ಕಣೋ. ಹಂಗೆ ನೋಡ್ತಾ ಕೂತ್ರೆ ನಾನು ಓದೋದು ಹೆಂಗೆ?" ಅಂದಳು ಅಕ್ಕ. ಆಮೇಲೆ, "ನಾನೊಬ್ಳೇ ಓದೋಕಾಗೋ ಥರ ಏನಾದ್ರೂ ಸಿಗುತ್ತಾ ನೋಡು" ಅಂದಳು. ನನಗೆ ತಿಳಿದಂತೆ ಅವಳು ನನ್ನನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಆರ್.ಟಿ. ನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಸ್ನೇಹಿತರೊಬ್ಬರಿದ್ದಾರೆ. ಅವರ ಮಕ್ಕಳ ಪುಸ್ತಕಕ್ಕೆಲ್ಲ ರಟ್ಟು ಹಾಕಿದವನು ನಾನು. ಮನೆಯಲ್ಲಿ ಉರ್ದು ಆಡುವ ಅವರು ನನ್ನ ಜೊತೆ ಮಾತ್ರ ಹಟ ಹಿಡಿದು ಕನ್ನಡವನ್ನೇ ಆಡುತ್ತಾರೆ. ವಿಷಯ ಹೇಳಿದೆ.

"ಟ್ಯಾಬ್ ತಗೊಂಡ್ಬಿಡಿ ಅಣ್ಣ. ಕಾಮಿಕ್ಸೂ ಆಯ್ತು, ಪಿಚ್ಚರೂ ಆಯ್ತು."

"ನಾನು ಪಿಚ್ಚರ್ ಕೇಳಿಲ್ಲ."

"ಕೋಪ ಮಾಡ್ಕೋಬೇಡಿ ಗುರು. ನಂದೇ ಕೊಡ್ತೀನಿ, ಒಂದ್ ವಾರ ಇಟ್ಕೊಂಡು ನೋಡಿ."

ಟ್ಯಾಬಿನ ಬೆಳಕಿಗೆ ಅಕ್ಕನ ಕಣ್ಣಲ್ಲಿ ನೀರು ಸುರಿಯಿತು. ಬೆರಳು ಜಾರಿ ಎಲ್ಲೋ ತಾಗಿದರೆ ಕಥೆ ಹೋಗಿ ಇನ್ನೇನೋ ಬರುತ್ತಿತ್ತು. ವಾಪಸು ಕೊಟ್ಟಾಗ ಅವರು ಪುಸ್ತಕ ಓದಲೆಂದೇ ಮಾಡಿದ ಇ-ರೀಡರ್ ಅನ್ನುವುದರ ಬಗ್ಗೆ ಹೇಳಿದರು. ಕಾಗದದ ಹಾಗೆ ಕಾಣುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ, ಕೆಲವದರಲ್ಲಿ ಅಂಚಿಗೆ ಪುಟ ತಿರುಗಿಸುವ ಗುಂಡಿಯೂ ಇರುತ್ತದೆ. ಆದರೆ ಅಂಗಡಿಯಲ್ಲಿ ಕೈಗೆ ಸಿಗುವುದಿಲ್ಲ, ಫೋನಿನಲ್ಲೇ ನೋಡಿ ತರಿಸಬೇಕು. ಆರು ಇಂಚಿನದಿತ್ತು, ಏಳರದಿತ್ತು, ಪತ್ರಿಕೆಯ ಪುಟದಷ್ಟೇ ದೊಡ್ಡದಾದ ಹತ್ತರದಿತ್ತು, ಬಣ್ಣದ್ದಿತ್ತು, ಕಪ್ಪು-ಬಿಳುಪಿನದಿತ್ತು. ಜನ ಬರೆದ ಅಭಿಪ್ರಾಯಗಳನ್ನೆಲ್ಲ ಓದಿದೆ. ಅವರಲ್ಲಿ ಯಾರೂ ಅಕ್ಕನಂಥ ಕೈ ಇಟ್ಟುಕೊಂಡು ಬರೆದವರಲ್ಲ.

ನಮ್ಮ ಕೆಲಸದಲ್ಲಿ ದೊಡ್ಡ ಪುಸ್ತಕ ಕಟ್ಟುವ ಮೊದಲು ಖಾಲಿ ಹಾಳೆಯಲ್ಲಿ ಅದೇ ಅಳತೆಯ ಒಂದು ಡಮ್ಮಿ ಮಾಡಿ ಗಿರಾಕಿಯ ಕೈಗೆ ಕೊಡುತ್ತೇವೆ. ದಪ್ಪ ಸಾಕೇ, ಹಿಡಿತ ಸರಿಯೇ ಅಂತ ಅವರೇ ನೋಡಿ ಹೇಳಲಿ ಅಂತ. ಅಂಗಡಿಯಲ್ಲಿ ಕೂತು ಮೂರು ಅಳತೆಗೂ ರಟ್ಟು ಕತ್ತರಿಸಿದೆ. ನಡುವೆ ತಗಡಿನ ಚೂರು ಸೇರಿಸಿ, ಫೋನಿನಲ್ಲಿ ಬರೆದಿದ್ದ ತೂಕಕ್ಕೇ ತಂದೆ. ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡುವಾಗ ಅಂಗಡಿಯವನು ನನ್ನನ್ನು ವಿಚಿತ್ರವಾಗಿ ನೋಡಿದ. ಒಂದು ಚಿತ್ರಕಥೆಯ ಪುಟವನ್ನು ಆಯಾ ಅಳತೆಗೆ ಜೆರಾಕ್ಸ್ ಮಾಡಿಸಿ ಮೇಲೆ ಅಂಟಿಸಿದೆ. ಗುಂಡಿ ಇರುವ ಕಡೆ ಒಂದು ಟಿಚ್ ಬಟನ್ ಕೂರಿಸಿದೆ.

ಅಕ್ಕ ಮೊದಲು ದೊಡ್ಡದನ್ನು ನೋಡಿದಳು. "ಇದೇನೋ, ಊಟದ ತಟ್ಟೆನಾ? ಇದು ಎದೆ ಮೇಲೆ ಬಿದ್ರೆ ಕಾಯಿಲೆ ಬೇಕಾಗಿಲ್ಲ ನಂಗೆ."

ಚಿಕ್ಕದು ಹಗುರವಾಗಿತ್ತು, ಆದರೆ ಮಾತಿನ ಗುಳ್ಳೆಯೊಳಗಿನ ಅಕ್ಷರ ಇರುವೆಯಂತೆ ಕಂಡಿತು. "ಇವ್ರು ಏನ್ ಗುಟ್ಟು ಮಾತಾಡ್ತಾವ್ರೆ?" ಅಂದಳು. ನಡುವಿನದನ್ನು ಹೊಟ್ಟೆಯ ಮೇಲಿನ ದಿಂಬಿಗೆ ಒರಗಿಸಿ, ಬಲಗೈ ಹೆಬ್ಬೆರಳನ್ನು ಬಟನ್ನಿನ ಮೇಲಿಟ್ಟು ಬಹಳ ಹೊತ್ತು ನೋಡಿದಳು. ಏನೂ ತಿರುಗದ ಆ ರಟ್ಟಿನ ಮೇಲೆ ಬಟನ್ ಒತ್ತಿದಳು. ಮತ್ತೆ ಒತ್ತಿದಳು.

"ಇದು."

"ಬಣ್ಣದ್ದು ತರ್ಲಾ? ಸ್ವಲ್ಪ ಮಂಕಾಗಿರುತ್ತಂತೆ."

"ಬಣ್ಣ ನಂಗೆ ನೆನಪಿದೆ. ಅಕ್ಷರ ಚೆನ್ನಾಗಿರೋದು ತಾ."

ನಮ್ಮ ಹಳೆಯ ಪತ್ರಿಕೆಗಳು ಯಾವ ಇ-ರೀಡರಿಗೂ ಸಿದ್ಧವಾಗಿ ಸಿಗುವಂಥವಲ್ಲ. ಫೋನಿನಲ್ಲಿ ಫೋಟೋ ತೆಗೆದರೆ ಹೊಲಿಗೆಯ ಕಡೆ ಪುಟ ಬಾಗಿ, ಒಳಗಿನ ಸಾಲೆಲ್ಲ ಸೊಟ್ಟಗಾಗುತ್ತಿತ್ತು. ಸ್ಕ್ಯಾನರಿಗೆ ಚಪ್ಪಟೆಯಾಗಿ ಇಡಬೇಕಾದರೆ ಬೈಂಡಿಂಗ್ ಬಿಚ್ಚಲೇಬೇಕು. ಎರಡು ದಿನ ಕೈ ಬರಲಿಲ್ಲ. ಅಕ್ಕನೇ ಕೇಳಿದಳು, "ಕಟ್ಟೋಕೆ ಬರೋನಿಗೆ ಬಿಚ್ಚೋಕೆ ಬರಲ್ವೇನೋ?" ಬೆನ್ನಿನ ಬಟ್ಟೆಗೆ ನೀರು ಹಚ್ಚಿ ನೆನೆಸಿ, ಸುಲಿದು, ದಾರ ಕತ್ತರಿಸಿದೆ. ನಾನು ಹುಡುಗನಾಗಿದ್ದಾಗ ಹಾಕಿದ ಹೊಲಿಗೆಗಳು. ಒಂದೂ ಸಡಿಲವಾಗಿರಲಿಲ್ಲ. ಹೆಮ್ಮೆಯಾಯಿತು, ಮತ್ತೆ ಕತ್ತರಿಸಿದೆ.

ಇ-ರೀಡರ್ ಬಂದ ದಿನ ಸ್ನೇಹಿತರೇ ಬಂದು ಸ್ಕ್ಯಾನ್ ಮಾಡಿದ ಪುಟಗಳನ್ನು ಅದಕ್ಕೆ ತುಂಬಿ, ಸುತ್ತಲಿನ ಖಾಲಿ ಅಂಚು ತೆಗೆದು ಅಕ್ಷರ ದೊಡ್ಡದಾಗುವಂತೆ ಮಾಡಿಕೊಟ್ಟರು. ಅಕ್ಕ ಗುಂಡಿ ಒತ್ತಿದಳು. ಪರದೆ ಒಂದು ಸಲ ಕಪ್ಪಾಗಿ, ಮುಂದಿನ ಪುಟ ಬಂತು. ಅವಳು ತಲೆ ಎತ್ತಲಿಲ್ಲ. ನಾವು ಮೂವರೂ ಅಲ್ಲೇ ನಿಂತಿದ್ದೆವು.

"ಏನ್ ನಿಂತಿದ್ದೀರ? ಹೋಗಿ, ಕೆಲ್ಸ ನೋಡ್ಕೊಳ್ಳಿ" ಅಂದಳು.

ಆ ಚಳಿಗಾಲ ಅವಳು ಓದಿದಳು. ನಾನು ಅಂಗಡಿಯಿಂದ ಬಂದಾಗ ಒಳಗಿನಿಂದ ಒಬ್ಬಳೇ ನಗುವುದು ಕೇಳಿಸುತ್ತಿತ್ತು. ಏನು ಅಂತ ಕೇಳಿದರೆ, "ನೀನೇ ಓದ್ಕೋ" ಅನ್ನುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಬಲಗೈ ಹೆಬ್ಬೆರಳು ಸೋತಿತು. ಇ-ರೀಡರನ್ನು ತಲೆಕೆಳಗು ಹಿಡಿದರೆ ಪುಟ ತಾನೇ ನೆಟ್ಟಗಾಗಿ, ಗುಂಡಿಗಳು ಎಡಕ್ಕೆ ಬರುತ್ತಿದ್ದವು. ಎಡಗೈಯಲ್ಲಿ ಓದಿದಳು. ದಿಂಬಿನ ಎತ್ತರ ಬದಲಾಯಿತು, ಮೊಣಕೈ ಕೆಳಗೆ ಮಡಿಸಿದ ಟವೆಲ್ಲು ಬಂತು.

ಬೇಸಿಗೆಯ ಒಂದು ಮಧ್ಯಾಹ್ನ ಮಜ್ಜಿಗೆ ಕುಡಿಸಲು ಹೋದೆ. ಪರದೆಯ ಮೇಲೆ ದೋಣಿಯಲ್ಲಿ ನದಿ ದಾಟುವವರ ಪುಟವಿತ್ತು. ಹಿಂದಿನ ದಿನವೂ ಅದೇ ಇತ್ತು.

"ಇದು ಅಷ್ಟು ಇಷ್ಟನಾ?" ಅಂದೆ.

ಆಗಲೇ ಅವಳ ಮಾತು ದಪ್ಪಗಾಗುತ್ತಿತ್ತು. "ಒತ್ತೋಕಾಗ್ತಿಲ್ಲ."

"ಯಾವಾಗಿಂದ?"

"ಮೊನ್ನೆಯಿಂದ."

"ಹೇಳೋದಲ್ವಾ ಅಕ್ಕ?"

"ಹೇಳಿದ್ರೆ ಇನ್ನೊಂದು ಏನೋ ಕತ್ತರಿಸ್ಕೊಂಡು ಬರ್ತೀಯ."

ಕಾಲಿನಲ್ಲಿ ಒತ್ತುವಂಥದ್ದು ಇದೆಯಂತೆ, ಸ್ನೇಹಿತರನ್ನು ಕೇಳುತ್ತೇನೆ ಅಂದೆ. ಅವಳು ಹೊದಿಕೆಯ ಕೆಳಗಿನ ತನ್ನ ಕಾಲುಗಳ ಕಡೆ ಕಣ್ಣು ಹೊರಳಿಸಿದಳು. ಅವು ಅಲುಗಾಡಿ ಎಷ್ಟು ದಿನವಾಗಿತ್ತೋ. ನಾನು ಪಕ್ಕದಲ್ಲಿ ಕೂತು ಗುಂಡಿ ಒತ್ತಲು ಕೈ ಚಾಚಿದೆ.

"ಬೇಡ" ಅಂದಳು. ಆಮೇಲೆ ತಡೆದು ತಡೆದು, ಒಂದೊಂದೇ ಮಾತು ಜೋಡಿಸಿ ಹೇಳಿದಳು. "ಕಥೆ ಎಲ್ಲಾ ಗೊತ್ತು ಕಣೋ ನಂಗೆ. ದೋಣಿ ಮುಳುಗಲ್ಲ, ಅದೂ ಗೊತ್ತು. ನಂಗೆ ಬೇಕಾಗಿದ್ದು ಪುಟ ತಿರುಗಿಸೋದು."

ಮಜ್ಜಿಗೆ ಲೋಟ ಹಿಡಿದುಕೊಂಡು ಕೂತಿದ್ದೆ. ಅವಳ ಕಣ್ಣು ಮೊದಲ ಚೌಕದಿಂದ ಎರಡನೆಯದಕ್ಕೆ, ಅಲ್ಲಿಂದ ಕೆಳಗಿನದಕ್ಕೆ ಇಳಿಯಿತು. ಕೊನೆಯ ಚೌಕಕ್ಕೆ ಬಂದು, ಸ್ವಲ್ಪ ನಿಂತು, ಮತ್ತೆ ಮೊದಲಿನದಕ್ಕೆ ಹೋಯಿತು.

ಮಾರನೆಯ ಬೆಳಿಗ್ಗೆ ಅವಳೇ ಒಂದು ದಾರಿ ಹುಡುಕಿದಳು. ದಿನಕ್ಕೆ ಒಂದೇ ಪುಟ. ಯಾವುದು ಅಂತ ಅವಳು ಹೇಳಬೇಕು, ನಾನು ತೆರೆದಿಟ್ಟು ಅಂಗಡಿಗೆ ಹೋಗಬೇಕು, ಸಂಜೆಯವರೆಗೆ ಯಾರೂ ಮುಟ್ಟಬಾರದು. ತಾನಾಗಿ ಪರದೆ ಆರದಂತೆ ಸ್ನೇಹಿತರು ಮಾಡಿಕೊಟ್ಟರು. ಒಂದು ದಿನ ಕಾಡಿನ ಪುಟ, ಇನ್ನೊಂದು ದಿನ ಅರಮನೆಯದು, ಮತ್ತೊಂದು ದಿನ ಕಳ್ಳ ಬಾವಿಗೆ ಇಳಿಯುವುದು. ಮಾತು ತೀರ ಹೋದ ಮೇಲೆ ನಾನು ಕಥೆಗಳ ಹೆಸರು ಹೇಳುತ್ತಿದ್ದೆ, ಬೇಕಾದದ್ದು ಬಂದಾಗ ಅವಳು ಕಣ್ಣು ಮುಚ್ಚಿ ತೆರೆಯುತ್ತಿದ್ದಳು, ಅದೇ ಹ್ಞೂಂ. ಮಳೆಗಾಲ ಹೀಗೆ ಕಳೆಯುತ್ತಾ ಬಂತು.

ಗೌರಿ ಹಬ್ಬದ ಹತ್ತಿರ ಒಂದು ಬೆಳಿಗ್ಗೆ ಎಂದಿನಂತೆ ಹೆಸರು ಹೇಳುತ್ತಾ ಹೋದೆ. ಎಲ್ಲವನ್ನೂ ಹೇಳಿ ಮುಗಿಸಿದೆ. ಅವಳ ಕಣ್ಣು ತೆರೆದೇ ಇತ್ತು. ಕೇಳಿಸಲಿಲ್ಲವೇನೋ ಅಂತ ಮೊದಲಿನಿಂದ ಮತ್ತೆ ಹೇಳಿದೆ. ಅರ್ಧಕ್ಕೆ ಬಂದಾಗ ಅವಳು ನನ್ನನ್ನು ನೋಡಿದ ರೀತಿಯಿಂದ ನಿಲ್ಲಿಸಿದೆ. ಚಿಕ್ಕವನಿದ್ದಾಗ ಹಟ ಮಾಡಿದರೆ ಹಾಗೇ ನೋಡುತ್ತಿದ್ದಳು.

"ಇವತ್ತು ಬೇಡ್ವಾ?" ಅಂದೆ.

ಕಣ್ಣು ಮುಚ್ಚಿ ತೆರೆದಳು.

"ನಾಳೆ?"

ಅವಳು ಬಾಗಿಲ ಕಡೆ ನೋಡಿದಳು. ಅಲ್ಲಿ ನನ್ನ ಹೆಂಡತಿ ಹೊಸಿಲಿಗೆ ರಂಗೋಲಿ ಎಳೆಯುತ್ತಿದ್ದಳು. ನಾನು ಇ-ರೀಡರನ್ನು ಆರಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಅಕ್ಕನ ತಲೆಯನ್ನು ಮೆಲ್ಲಗೆ ಬಾಗಿಲ ಕಡೆಗೆ ತಿರುಗಿಸಿ, ಅಲ್ಲೇ ನಿಲ್ಲುವಂತೆ ದಿಂಬು ಸರಿಮಾಡಿದೆ.